ಕಾರಿನಲ್ಲಿ ಕೂಸಿನ ಆಸನ

ಮಣಿಪಾಲದಿಂದ ಕಾರ್ಕಳಕ್ಕೆ ಕಾರಿನಲ್ಲಿ ಹೊರಡುವಾಗ ಕೂಸು ತಾಯಿಯ ಮಡಿಲಲ್ಲಿರಲಿ ಎಂಬುದು ನಮ್ಮ ಮನೆಯ ಹಿರಿಯರ ಮಾತು. ಅದರ ಹಿಂದಿನ ಅಕ್ಕರೆ ದೊಡ್ಡದು. ಆದರೆ ಉಡುಪಿ-ಕಾಪು ಹೆದ್ದಾರಿಯ ವೇಗದಲ್ಲಿ ಕಾರು ಡಿಕ್ಕಿ ಹೊಡೆದರೆ ಮುನ್ನುಗ್ಗುವ ಕೂಸನ್ನು ಯಾವ ತೋಳೂ ಹಿಡಿದಿಡಲಾರದು.

ಆದುದರಿಂದ ಎರಡೂ ದಿಕ್ಕಿಗೆ ಕೂರಿಸಬಹುದಾದ ‘ಕನ್ವರ್ಟಿಬಲ್’ ಆಸನವನ್ನೇ ಆರಿಸಿದೆವು. ಎಳೆಗೂಸಿನ ತಲೆ ಭಾರ, ಕೊರಳು ಎಳಸು. ಹಿಮ್ಮುಖವಾಗಿ ಕುಳಿತರೆ ಆಘಾತವು ಬೆನ್ನಿಗೆಲ್ಲ ಹಂಚಿಹೋಗುವುದು. ಆಸನಕ್ಕೆ ನಿಗದಿಯಾದ ತೂಕ, ಎತ್ತರ ಮೀರಿದ ಬಳಿಕವೇ ಮುಮ್ಮುಖ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಹಿಮ್ಮುಖ ಆಸನ ಸಲ್ಲದು. ಹಿಂದಿನ ಸೀಟಿನಲ್ಲಿ ಐಸೋಫಿಕ್ಸ್ ಕೊಂಡಿಗಳಿರುವುದನ್ನು ನೋಡಿ, ಆಸನವನ್ನು ಬಿಗಿದು, ಅಲುಗಾಡಿಸಿ ಪರೀಕ್ಷಿಸಿಯೇ ಕೊಂಡೆವು.

2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯಂತೆ 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಇಲ್ಲವೇ ಇಂಥ ಆಸನದಿಂದ ಭದ್ರಪಡಿಸದಿದ್ದರೆ 1000 ರೂಪಾಯಿ ದಂಡ. ದಂಡಕ್ಕಂಜಿ ಬೇಡ, ಕೂಸಿನ ಕೊರಳಿಗಾಗಿ ಈ ವೆಚ್ಚವನ್ನು ಎಲ್ಲ ಗೃಹಸ್ಥರೂ ಮಾಡಲಿ.