ಕೆಂಪಿ ಮತ್ತು ಖಾಲಿ ಡಬ್ಬಿ

ನಿಮ್ಮಲ್ಲಿ ಯಾರ ಮನೆ ಹಿತ್ತಲಲ್ಲಿ ಕೋಳಿ ಇದೆ? ನಾರ್ತ್ ಕ್ಯಾರೊಲೈನಾದ ನಮ್ಮ ಮನೆಯಲ್ಲಿ ಆರು ಇವೆ. ಅವುಗಳಲ್ಲಿ ಕೆಂಪಿ ನನ್ನವಳು. ರೋಡ್ ಐಲೆಂಡ್ ರೆಡ್ ಜಾತಿ. ನಾನು ಸ್ಕೂಲ್ ಬಸ್ಸಿಂದ ಇಳಿದರೆ ಸಾಕು, ಬೇಲಿ ಹತ್ತಿರ ಓಡಿ ಬರ್ತಾಳೆ. ಹೋದ ವರ್ಷ ಅವಳು ಸತ್ತೇ ಹೋಗ್ತಾಳೆ ಅಂದುಕೊಂಡಿದ್ವಿ. ಯಾಕೆ ಹಾಗಾಯ್ತು ಅಂತ ನಿಮಗೆ ಹೇಳಬೇಕು. ಅದರಲ್ಲಿ ನನ್ನ ತಪ್ಪೂ ಇದೆ.

ಆಗ ಹಾಸನದ ಹತ್ತಿರದ ಹಳ್ಳಿಯಿಂದ ನಮ್ಮಜ್ಜಿ ಆರು ತಿಂಗಳಿಗೆ ಅಂತ ಬಂದಿದ್ದರು. ಅಜ್ಜಿಗೆ ಇಲ್ಲಿ ಮಾತಾಡೋಕೆ ಜನ ಇಲ್ಲ, ಆದರೆ ಕೋಳಿಗಳಿದ್ದವು! ದಿನಾ ಮಧ್ಯಾಹ್ನ ಮಿಕ್ಕಿದ ಅನ್ನ ತಗೊಂಡು "ಬಾ ಬಾ ಬಾ" ಅಂತ ಹಿತ್ತಲಿಗೆ ಹೋಗೋರು. ಕೋಳಿಗಳು ತಮ್ಮ ಫೀಡ್ ಬಿಟ್ಟು ಅಜ್ಜಿ ಹಿಂದೆ ಓಡೋವು. "ಊರಲ್ಲಿ ನಮ್ಮ ಕೋಳಿಗೆ ಯಾರು ಮೂಟೆ ತಂದು ಹಾಕ್ತಿದ್ರು ಪುಟ್ಟಿ?" ಅಂತ ಅಜ್ಜಿ ನಗೋರು.

ಸ್ವಲ್ಪ ದಿನದಲ್ಲಿ ಮೊಟ್ಟೆ ಚಿಪ್ಪು ತೆಳ್ಳಗಾಯ್ತು. ಕೈಯಲ್ಲಿ ಹಿಡಿದರೆ ಒಡೆಯೋದು. ಒಂದು ಮೊಟ್ಟೆಗಂತೂ ಚಿಪ್ಪೇ ಇರಲಿಲ್ಲ, ನೀರು ತುಂಬಿದ ಬಲೂನ್ ಥರ ಇತ್ತು. ಆಮೇಲೆ ಒಂದು ಶನಿವಾರ ಬೆಳಿಗ್ಗೆ ಕೆಂಪಿ ಮೂಲೆಯಲ್ಲಿ ಗರಿ ಉಬ್ಬಿಸಿಕೊಂಡು, ಕಣ್ಣು ಮುಚ್ಚಿ, ಬಾಲ ಇಳಿಬಿಟ್ಟು ನಿಂತಿದ್ದಳು. ಮೊದಲು ಕಂಡುಹಿಡಿದದ್ದು ಅಜ್ಜಿನೇ. "ಇದಕ್ಕೆ ಮೊಟ್ಟೆ ಸಿಕ್ಕಾಕೊಂಡಿದೆ" ಅಂದರು. ಟಬ್ಬಿನಲ್ಲಿ ಬೆಚ್ಚಗಿನ ನೀರು ತುಂಬಿ ಅವಳನ್ನು ಕೂರಿಸಿದರು. ಆಮೇಲೆ ನಾನೂ ಅಪ್ಪನೂ ಅವಳನ್ನು ವೆಟ್ ಹತ್ತಿರ ಕರಕೊಂಡು ಹೋದ್ವಿ.

ಡಾಕ್ಟರ್ ಅವಳಿಗೆ ಕ್ಯಾಲ್ಸಿಯಂ ಕೊಟ್ಟರು. ಆಮೇಲೆ ಕೇಳಿದ ಮೊದಲ ಪ್ರಶ್ನೆ, "ಏನು ತಿನ್ನಿಸ್ತೀರಿ?"

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಒಂದು ಮೊಟ್ಟೆಯ ಚಿಪ್ಪಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತೆ. ಕೋಳಿ ದಿನಕ್ಕೆ ತಿನ್ನೋದು 110 ಗ್ರಾಂ ಆಸುಪಾಸು. ಮೊಟ್ಟೆ ಇಡುವ ಕೋಳಿಯ 'ಲೇಯರ್ ಫೀಡ್'ನಲ್ಲಿ 3.5ರಿಂದ 4 ಪರ್ಸೆಂಟ್ ಕ್ಯಾಲ್ಸಿಯಂ ಇರುತ್ತೆ, ಅಂದರೆ ದಿನಕ್ಕೆ 4 ಗ್ರಾಂ. ಅದರಲ್ಲಿ ಅರ್ಧದಷ್ಟು ಮೈಗೆ ಹತ್ತಿದರೂ ಚಿಪ್ಪಿಗೆ ಸಾಕು. ಸಾಲದೆ ಹೋದರೆ ಕೋಳಿ ತನ್ನ ಮೂಳೆಯಿಂದಲೇ ತೆಗೆದು ಚಿಪ್ಪು ಮಾಡುತ್ತೆ! ಮೊಟ್ಟೆಯನ್ನು ಹೊರಗೆ ತಳ್ಳೋ ಸ್ನಾಯುಗಳಿಗೂ ಕ್ಯಾಲ್ಸಿಯಂ ಬೇಕು. ಅದಕ್ಕೇ ಕೆಂಪಿಗೆ ಮೊಟ್ಟೆ ಸಿಕ್ಕಾಕೊಂಡಿದ್ದು.

ಹಾಗಾದರೆ ಎಲ್ಲಕ್ಕೂ ಲೇಯರ್ ಫೀಡ್ ಹಾಕಬಹುದಲ್ಲ ಅಂತೀರಾ? ನಮ್ಮ ಆರರಲ್ಲಿ ಎರಡು ಇನ್ನೂ ಹತ್ತು ವಾರದ ಮರಿಗಳಾಗಿದ್ದವು. ಮೊಟ್ಟೆ ಇಡದ ಮರಿಗೆ ಅಷ್ಟು ಕ್ಯಾಲ್ಸಿಯಂ ಕೊಟ್ಟರೆ ಅದರ ಕಿಡ್ನಿ ಹಾಳಾಗುತ್ತೆ. ಅದಕ್ಕೆ ನಾವು ಎಲ್ಲಾ ವಯಸ್ಸಿನ ಕೋಳಿಗೂ ಆಗೋ 'ಆಲ್ ಫ್ಲಾಕ್' ಫೀಡ್ ಹಾಕ್ತಿದ್ವಿ. ಅದರಲ್ಲಿ ಕ್ಯಾಲ್ಸಿಯಂ ಇರೋದು 1 ಪರ್ಸೆಂಟ್ ಆಸುಪಾಸು. ಉಳಿದದ್ದಕ್ಕೆ ಸಿಂಪಿ ಚಿಪ್ಪಿನ ಪುಡಿಯನ್ನು ಬೇರೆ ಡಬ್ಬಿಯಲ್ಲಿ ಇಡಬೇಕು. ಮೊಟ್ಟೆ ಇಡುವ ಕೋಳಿಗಳು ತಮಗೆ ಬೇಕಾದಷ್ಟು ಕುಕ್ಕಿ ತಿನ್ನುತ್ತವೆ.

"ಸಿಂಪಿ ಚಿಪ್ಪು ಇಟ್ಟಿದ್ದೀರಾ?" ಅಂತ ಡಾಕ್ಟರ್ ಕೇಳಿದರು. "ಇಟ್ಟಿದ್ದೀವಿ" ಅಂದರು ಅಪ್ಪ.

ಆ ಡಬ್ಬಿ ತುಂಬೋದು ನನ್ನ ಕೆಲಸ. ಅದು ಮೂರು ವಾರದಿಂದ ಖಾಲಿ ಇತ್ತು. ನಾನು ಬಾಯಿ ಬಿಡಲಿಲ್ಲ.

ಮನೆಗೆ ಬಂದು ಅಪ್ಪ, "ಅಮ್ಮ, ನೀನು ಅನ್ನ ಹಾಕಿದ್ದಕ್ಕೇ ಹೀಗಾಯ್ತು ನೋಡು" ಅಂದರು. ಅಜ್ಜಿ ಏನೂ ಹೇಳಲಿಲ್ಲ. ಕೆಂಪಿ ಮಾರನೇ ದಿನ ಬೆಳಿಗ್ಗೆ ಮೆತ್ತಗಿನ ಒಂದು ಮೊಟ್ಟೆ ಇಟ್ಟು ಎದ್ದು ಓಡಾಡಿದಳು. ಆದರೆ ಅಜ್ಜಿ ಎರಡು ದಿನ ಹಿತ್ತಲಿಗೆ ಹೋಗಲೇ ಇಲ್ಲ. ಕಿಟಕಿ ಹತ್ತಿರ ಕೂತು ನೋಡೋರು ಅಷ್ಟೆ. ನನಗೆ ಊಟ ಸೇರಲಿಲ್ಲ. ಮೂರನೇ ದಿನ ಖಾಲಿ ಡಬ್ಬಿ ತಂದು ಅಜ್ಜಿ ಮುಂದೆ ಇಟ್ಟು ಎಲ್ಲ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ. ಅಜ್ಜಿ, "ನಿಮ್ಮಪ್ಪಂಗೂ ಹೇಳು. ಅದಕ್ಕೂ ಮೊದಲು ಹೋಗಿ ಡಬ್ಬಿ ತುಂಬು" ಅಂದರು. ಎರಡನ್ನೂ ಮಾಡಿದೆ.

ಸಿಂಪಿ ಚಿಪ್ಪಿನ ಪುಡಿ ನೋಡಿ ಅಜ್ಜಿ, "ಓ, ಇದು ಸುಣ್ಣದ ಕಲ್ಲಿನ ಥರ! ಊರಲ್ಲಿ ಕೋಳಿ ಹಳೇ ಗೋಡೆ ಸುಣ್ಣ ಕುಕ್ಕೋದು ಇದಕ್ಕೇನಾ?" ಅಂದರು. (ಎಲೆ ಅಡಿಕೆ ಸುಣ್ಣ ಮಾತ್ರ ಹಾಕಬೇಡಿ, ಬಾಯಿ ಸುಡುತ್ತೆ!) ಅಜ್ಜಿ ಹೇಳಿದ್ದು ಸುಳ್ಳಲ್ಲ. ಊರಿನ ನಾಟಿ ಕೋಳಿ ದಿನವೆಲ್ಲಾ ತಿಪ್ಪೆ ಕೆದಕಿ ಹುಳ, ಗೆದ್ದಲು, ಸೊಪ್ಪು, ಕಾಳು ತಿನ್ನುತ್ತೆ. ಹತ್ತು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತೆ. ಕೆಂಪಿ ವಾರಕ್ಕೆ ಐದು ಮೊಟ್ಟೆ ಇಡುತ್ತಾಳೆ, ಇರೋದು ಮಾತ್ರ ಬೇಲಿಯೊಳಗೆ. ಅವಳಿಗೆ ನಾವು ಕೊಟ್ಟದ್ದೇ ಗತಿ.

ಅನ್ನ ವಿಷ ಅಲ್ಲ. ಆದರೆ ಅನ್ನದಲ್ಲೇ ಹೊಟ್ಟೆ ತುಂಬಿದರೆ ಫೀಡ್‌ಗೆ ಜಾಗ ಇರಲ್ಲ. ತಿಂಡಿ ಹತ್ತರಲ್ಲಿ ಒಂದು ಪಾಲು ದಾಟಬಾರದು, ಅಂದರೆ ಒಂದು ಕೋಳಿಗೆ ದಿನಕ್ಕೆ ಒಂದು ಚಮಚದಷ್ಟು. ಉಪ್ಪಿನಕಾಯಿ, ಚಾಕೊಲೇಟ್, ಅವಕಾಡೊ, ಬೇಯಿಸದ ರಾಜ್ಮಾ ಹಾಕಲೇಬೇಡಿ. ಫೀಡ್ ಚೀಲದ ಮೇಲೆ ಯಾವ ವಯಸ್ಸಿನ ಕೋಳಿಗೆ ಅಂತ ಬರೆದಿರುತ್ತೆ, ಓದಿ.

ಆಮೇಲೆ ಅಜ್ಜಿ ಮತ್ತೆ ಅನ್ನ ಹಾಕೋಕೆ ಶುರು ಮಾಡಿದರು, ಚಮಚದಲ್ಲಿ ಅಳೆದು. ಈಗ ಅವರು ಊರಲ್ಲಿದ್ದಾರೆ. ಪ್ರತಿ ಭಾನುವಾರ ವಿಡಿಯೋ ಕಾಲ್ ಮಾಡಿದಾಗ ನನ್ನ ಮಾರ್ಕ್ಸ್ ಕೇಳಲ್ಲ. ಮೊದಲು ಕೇಳೋದು, "ಪುಟ್ಟಿ, ಡಬ್ಬಿ ತುಂಬಿದೀಯಾ?"