ಗುಂಡು ಎತ್ತುವ ತೋಳು

ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಡದ ಮೇಲೆ ಚೀಕಲಪರ್ವಿ ಎಂಬ ಗ್ರಾಮವಿದೆ. ದಾಸಶ್ರೇಷ್ಠರಾದ ವಿಜಯದಾಸರ ಜನ್ಮಸ್ಥಳವೆಂದು ಅದು ನಾಡಿಗೆಲ್ಲ ಪರಿಚಿತ. ಅಲ್ಲಿಯ ದೈನಂದಿನ ಬದುಕಾದರೋ ಸುತ್ತಣ ಊರುಗಳಂತೆ ಒಕ್ಕಲುತನದ ಬದುಕು. ಭತ್ತದ ಸುಗ್ಗಿ ಬಂದಿತೆಂದರೆ ಚೀಲ ಹೊರುವ ತೋಳುಗಳಿಗೆ ಬಿಡುವಿರುವುದಿಲ್ಲ. ಭಾರ ಎತ್ತುವುದು ಈ ಸೀಮೆಯಲ್ಲಿ ದುಡಿಮೆಯೂ ಹೌದು, ಹಬ್ಬವೂ ಹೌದು. ಕಾರಹುಣ್ಣಿಮೆಯ ವೇಳೆಗೆ ರಾಯಚೂರು ನಗರದಲ್ಲಿ ಜರುಗುವ ಮುಂಗಾರು ಹಬ್ಬದಲ್ಲಿ ಎತ್ತುಗಳು ಟನ್ನುಗಟ್ಟಲೆ ತೂಕದ ಕಲ್ಲನ್ನು ಎಳೆಯುತ್ತವೆ. ಯುವಕರು ಕುಸ್ತಿಯಾಡುತ್ತಾರೆ, ಗುಂಡುಕಲ್ಲನ್ನೂ ಉಸುಕಿನ ಚೀಲವನ್ನೂ ಎತ್ತಿ ತಮ್ಮ ಬಲವನ್ನು ಮೆರೆಯುತ್ತಾರೆ.

ಒಂದು ವರ್ಷ ನೆಲದಿಂದ ಅಲುಗದ ಗುಂಡನ್ನು ಮರುವರ್ಷ ಅದೇ ಯುವಕನು ಹೆಗಲಿಗೇರಿಸುವುದುಂಟು. ಕಲ್ಲಿನ ತೂಕ ಕಡಿಮೆಯಾಗಲಿಲ್ಲ. ಬದಲಾದದ್ದು ಅವನ ದೇಹ. ಆ ಬದಲಾವಣೆ ಎಲ್ಲಿ ಮೊದಲಾಗುತ್ತದೆ? ತೋಳಿನ ಮಾಂಸಖಂಡದಲ್ಲಿ ಎಂದೇ ಹಲವರ ನಂಬಿಕೆ. ವಾಸ್ತವದಲ್ಲಿ ಅದು ಮೊದಲಾಗುವುದು ನರಗಳಲ್ಲಿ.

ಸ್ನಾಯು ತಾನಾಗಿ ಭಾರ ಎತ್ತಲಾರದು. ಮೆದುಳಿನ ಆಜ್ಞೆಯು ಬೆನ್ನುಹುರಿಯ ನರಕೋಶಗಳನ್ನು ಮುಟ್ಟಿ, ಅಲ್ಲಿಂದ ಸ್ನಾಯುತಂತುಗಳಿಗೆ ಹರಿಯಬೇಕು. ಒಂದೊಂದು ನರಕೋಶದ ಅಧೀನದಲ್ಲಿ ತಂತುಗಳ ಒಂದೊಂದು ತಂಡವಿರುತ್ತದೆ. ಹಗುರವಾದ ಕೆಲಸಕ್ಕೆ ಚಿಕ್ಕ ತಂಡಗಳು ಸಾಕು. ಭಾರ ಹೆಚ್ಚಿದಂತೆ ದೊಡ್ಡ ತಂಡಗಳು ಕೆಲಸಕ್ಕಿಳಿಯುತ್ತವೆ. ಅಭ್ಯಾಸವಿಲ್ಲದವನಲ್ಲಿ ಈ ದೊಡ್ಡ ತಂಡಗಳು ಕರೆಗೆ ಪೂರ್ಣವಾಗಿ ಓಗೊಡವು. ಎದುರು ಸ್ನಾಯುಗಳೂ ಅಡ್ಡವಾಗಿ ಬಿಗಿಯುತ್ತವೆ. ಹೊಸದಾಗಿ ಬಂಡಿಗೆ ಹೂಡಿದ ಹೋರಿಗಳು ಒಂದು ಇತ್ತ, ಒಂದು ಅತ್ತ ಎಳೆಯುವಂತಹ ಸ್ಥಿತಿ ಅದು. ಪಳಗಿದ ಮೇಲೆ ಅವೇ ಹೋರಿಗಳು ಅದೇ ಬಂಡಿಯನ್ನು ಸಲೀಸಾಗಿ ಎಳೆಯುತ್ತವೆ. ಮೊದಲ ಕೆಲವು ವಾರಗಳ ಸಾಮಿನಲ್ಲಿ ತೋಳಿನ ಸುತ್ತಳತೆ ಅಷ್ಟಾಗಿ ಹೆಚ್ಚದಿದ್ದರೂ ಬಲ ಹೆಚ್ಚುವುದಕ್ಕೆ ಇದೇ ಮುಖ್ಯ ಕಾರಣ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಕ್ರಿಪ್ಚರ್ ಎಂಬ ವಿಜ್ಞಾನಿಯು 1894ರಲ್ಲಿ ಒಂದು ಸೋಜಿಗವನ್ನು ಪ್ರಕಟಿಸಿದನು: ಒಂದೇ ಕೈಗೆ ಅಭ್ಯಾಸ ಮಾಡಿಸಿದರೆ, ಸುಮ್ಮನಿದ್ದ ಇನ್ನೊಂದು ಕೈಯ ಬಲವೂ ಹೆಚ್ಚುತ್ತದೆ. ಬಲವೂ ಒಂದು ವಿದ್ಯೆ, ನರಮಂಡಲವೇ ಅದರ ಮೊದಲ ವಿದ್ಯಾರ್ಥಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಸ್ನಾಯುವಿನ ಸರದಿ ಅನಂತರದ್ದು. ಭಾರದ ಎಳೆತವನ್ನು ಮತ್ತೆ ಮತ್ತೆ ಅನುಭವಿಸಿದ ತಂತುಗಳು ಹೊಸ ಪ್ರೋಟೀನನ್ನು ಕೂಡಿಸಿಕೊಂಡು ದಪ್ಪವಾಗುತ್ತವೆ. ಅವುಗಳ ಅಂಚಿನಲ್ಲಿ ನಿದ್ರಿಸುವಂತಿರುವ ಕಿರುಕೋಶಗಳನ್ನು 1961ರಲ್ಲಿ ಅಲೆಕ್ಸಾಂಡರ್ ಮೌರೋ ಎಂಬ ವಿಜ್ಞಾನಿಯು ಗುರುತಿಸಿದನು. ಶ್ರಮ ಬಿದ್ದಾಗ ಇವು ಎಚ್ಚೆತ್ತು, ತಂತುವಿನೊಡನೆ ಬೆರೆತು ಅದರ ದುರಸ್ತಿಗೂ ಬೆಳವಣಿಗೆಗೂ ನೆರವಾಗುತ್ತವೆ. ಗಮನಿಸಬೇಕಾದ ಸಂಗತಿಯೆಂದರೆ, ಈ ನಿರ್ಮಾಣಕಾರ್ಯದ ಹೆಚ್ಚಿನ ಭಾಗ ನಡೆಯುವುದು ಭಾರ ಎತ್ತುವಾಗಲ್ಲ, ಇಳಿಸಿದ ಮೇಲಿನ ಒಂದೆರಡು ದಿನಗಳಲ್ಲಿ.

ಈ ಕಾರ್ಯಕ್ಕೆ ಅನುಕೂಲವಾದ ವಾತಾವರಣವನ್ನು ಕಲ್ಪಿಸುವುದು ರಕ್ತದಲ್ಲಿ ಹರಿಯುವ ಹಾರ್ಮೋನುಗಳು. ಹರೆಯದಲ್ಲಿ ಹುಡುಗರ ಮೈ ತುಂಬಿಕೊಳ್ಳುವುದು ಟೆಸ್ಟೊಸ್ಟಿರಾನಿನಿಂದ. ಹುಡುಗಿಯರಲ್ಲಿ ಅದು ಅತ್ಯಲ್ಪ. ಆದರೂ ಅಭ್ಯಾಸ ಮಾಡಿದರೆ ಅವರ ಬಲವೂ ಅವರವರ ಮೊದಲಿನ ಅಳತೆಗೆ ತಕ್ಕಂತೆ ಹುಡುಗರಷ್ಟೇ ಪ್ರಮಾಣದಲ್ಲಿ ವೃದ್ಧಿಸುತ್ತದೆ. ಬೆಳವಣಿಗೆಯ ಹಾರ್ಮೋನು ಗಾಢನಿದ್ರೆಯಲ್ಲಿ ಹೇರಳವಾಗಿ ಸ್ರವಿಸುತ್ತದೆ. ಕಾರ್ಟಿಸಾಲ್ ಎಂಬುದು ಶ್ರಮದ ವೇಳೆಯಲ್ಲಿ ಶಕ್ತಿಯನ್ನು ಒದಗಿಸುವುದಾದರೂ, ಬಹುಕಾಲ ಮಿತಿಮೀರಿ ಉಳಿದರೆ ಸ್ನಾಯುವನ್ನೇ ಕರಗಿಸತೊಡಗುತ್ತದೆ.

ಇಲ್ಲಿ ಒಂದು ಕಟುಸತ್ಯ ಎದುರಾಗುತ್ತದೆ. ಗರಡಿಯ ಪೈಲವಾನನೂ ಭಾರ ಎತ್ತುತ್ತಾನೆ, ಚೀಲ ಹೊರುವ ಹಮಾಲನೂ ಭಾರ ಎತ್ತುತ್ತಾನೆ. ಒಬ್ಬನ ಮೈ ಅರಳುತ್ತದೆ, ಇನ್ನೊಬ್ಬನ ಸೊಂಟ ನಡುವಯಸ್ಸಿಗೇ ಸೋಲುತ್ತದೆ. ವಸ್ತಾದನ ಕಣ್ಣಳತೆಯಲ್ಲಿ ದಿನದಿನಕ್ಕೆ ಏರುವ ಭಾರ, ಹಾಲು ತುಪ್ಪದ ಊಟ, ಮೈತುಂಬ ನಿದ್ರೆ ಇವು ಮೊದಲನೆಯವನಿಗೆ ದೊರೆತಿವೆ. ಎರಡನೆಯವನ ಭಾರವನ್ನು ನಿರ್ಧರಿಸುವುದು ಅವನ ದೇಹವಲ್ಲ, ಸಂಜೆಯ ಕೂಲಿ. ವಿಶ್ರಾಂತಿಯು ಸೋಮಾರಿತನವಲ್ಲ, ದುಡಿಯುವ ದೇಹದ ಹಕ್ಕು ಎಂಬುದನ್ನು ಶರೀರಶಾಸ್ತ್ರವೇ ಸಾರುತ್ತಿದೆ.

ವ್ಯಾಯಾಮವು ಬುದ್ಧಿವಂತರಿಗೆ ಸಲ್ಲದೆಂಬ ಭಾವನೆಯೂ ತಪ್ಪು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದ ಕೆ. ವಿ. ಅಯ್ಯರ್ ಅವರೇ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದವರು. ಕಾಲ ಮೀರಿತೆಂದು ಹಿಂಜರಿಯಬೇಕಾಗಿಯೂ ಇಲ್ಲ. 1990ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ತೊಂಬತ್ತರ ಆಸುಪಾಸಿನ ವೃದ್ಧರ ಕಾಲುಗಳು ಎಂಟೇ ವಾರಗಳ ಅಭ್ಯಾಸದಿಂದ ಮೊದಲಿನ ಎರಡು ಪಟ್ಟಿಗೂ ಮೀರಿದ ಬಲವನ್ನು ಪಡೆದವು.

ಇಷ್ಟಾಗಿಯೂ ಕೆಲವು ತರುಣರು ಹಾರ್ಮೋನಿನ ಚುಚ್ಚುಮದ್ದಿನಿಂದ ಬೇಗನೆ ಮೈ ಬೆಳೆಸಲು ಹವಣಿಸುತ್ತಾರೆ. ಹೊರಗಿನಿಂದ ಸುರಿದರೆ ದೇಹವು ತನ್ನದನ್ನು ತಯಾರಿಸುವುದನ್ನೇ ಕುಗ್ಗಿಸುತ್ತದೆ. ಹೃದಯ, ಯಕೃತ್ತುಗಳು ಹಾನಿಗೊಳ್ಳುತ್ತವೆ. ಎಳೆಯರಲ್ಲಿ ಎಲುಬಿನ ಬೆಳವಣಿಗೆ ಅಕಾಲದಲ್ಲಿ ನಿಲ್ಲಬಹುದು. ಹದಬೆದೆ ಕಾಯದೆ ಫಸಲು ಬಯಸುವವನನ್ನು ಒಕ್ಕಲಿಗನು ಮೆಚ್ಚುವುದಿಲ್ಲ. ಮೊದಲು ನರ ಕಲಿಯಬೇಕು, ಆಮೇಲೆ ಸ್ನಾಯು ಬೆಳೆಯಬೇಕು, ಇವೆರಡಕ್ಕೂ ಊಟ ನಿದ್ರೆಗಳು ಒದಗಬೇಕು. ಈ ಕ್ರಮವನ್ನು ತಿಳಿದು ನಡೆದವನ ಹೆಗಲನ್ನು ಗುಂಡು ತಾನಾಗಿಯೇ ಏರುತ್ತದೆ.