ಬಿಡುವ ಬಗೆ

ಬಿಡುವುದನ್ನು ನಮ್ಮ ಜನ ಹಿಂದಿನಿಂದಲೂ ಶೌರ್ಯದ ಲಕ್ಷಣವೆಂದೇ ಎಣಿಸುತ್ತ ಬಂದಿದ್ದಾರೆ. ನಶ್ಯ ಬಿಟ್ಟವರು, ಕಾಫಿ ಬಿಟ್ಟವರು, ಕಾಶಿಗೆ ಹೋಗಿ ತಮಗೆ ಪ್ರಿಯವಾದ ಹಣ್ಣನ್ನೋ ತರಕಾರಿಯನ್ನೋ ಬಿಟ್ಟು ಬಂದವರು – ಇಂಥವರ ಕಥೆ ಯಾವ ಮನೆಯಲ್ಲಿಲ್ಲ? "ಬಿಟ್ಟೆನೆಂದರೆ ಬಿಟ್ಟೆ" ಎಂಬ ಮಾತಿಗೊಂದು ಗತ್ತು ಇದೆ. ಆದರೆ ಆ ಗತ್ತು ಸಲ್ಲದ ಒಂದು ಸ್ಥಳವೂ ಉಂಟು. ಅದು ಔಷಧದ ಡಬ್ಬಿ.

ಮೈಸೂರಿನ ನಿವೃತ್ತ ಗಣಿತೋಪಾಧ್ಯಾಯರೊಬ್ಬರು ಇದನ್ನು ಅನುಭವದಿಂದ ಕಲಿತರು. ಪತ್ನಿ ತೀರಿಕೊಂಡ ಹೊಸದರಲ್ಲಿ ಅವರಿಗೆ ನಿದ್ರೆ ದೂರವಾಯಿತು. ವೈದ್ಯರು ಕೆಲವು ವಾರಗಳ ಮಟ್ಟಿಗೆಂದು 10 ಮಿಲಿಗ್ರಾಂ ಡಯಾಜೆಪಾಮ್ ಬರೆದುಕೊಟ್ಟರು. ವಾರಗಳು ವರ್ಷಗಳಾದವು. ಹಳೆಯ ಚೀಟಿಯನ್ನು ನೋಡಿ ಒಬ್ಬರು, ಅವರ ಚೀಟಿಯನ್ನು ನೋಡಿ ಇನ್ನೊಬ್ಬರು ಹೊಸ ಚೀಟಿ ಬರೆದರು. ಹನ್ನೊಂದು ವರ್ಷ ಹೀಗೆಯೇ ಕಳೆಯಿತು. ಒಂದು ರಾತ್ರಿ ಬಚ್ಚಲಿನಲ್ಲಿ ಕಾಲು ತಡವರಿಸಿ ಬಿದ್ದಾಗ, ವಯಸ್ಸಾದವರು ಬೀಳುವುದಕ್ಕೆ ಇಂಥ ಮಾತ್ರೆಯೂ ಕಾರಣವಾಗಬಹುದೆಂದು ಅವರಿಗೆ ತಿಳಿಯಿತು. ಮರುದಿನವೇ ಮಾತ್ರೆಗಳನ್ನು ಕಸದ ಬುಟ್ಟಿಗೆ ಎಸೆದರು.

ನಾಲ್ಕು ದಿನ ಏನೂ ಆಗಲಿಲ್ಲ. ಗೆದ್ದೆನೆಂದುಕೊಂಡರು. ವಾರ ತುಂಬುವ ಹೊತ್ತಿಗೆ ಕೈ ನಡುಗತೊಡಗಿತು, ಮೈ ಬೆವರಿತು, ಪಾತ್ರೆಯ ಸದ್ದು ಕೂಡ ಸೂಜಿಯಂತೆ ಚುಚ್ಚಿತು. ಹಳೆಯ ದುಃಖವೇ ಮರಳಿತೆಂದು ಮನೆಯವರು ಕಂಗೆಟ್ಟರು. ತಮ್ಮ ಮನಸ್ಸೇ ಅಷ್ಟು ದುರ್ಬಲವಾಯಿತೆಂದು ಅವರು ನಾಚಿದರು.

ಕೊನೆಗೆ ಮಗ ಅವರನ್ನು ಕರೆದೊಯ್ದದ್ದು ಅವರ ಹಳೆಯ ಶಿಷ್ಯರಾಗಿದ್ದ ವೈದ್ಯರೊಬ್ಬರ ಬಳಿಗೆ.

"ಮೇಷ್ಟ್ರೇ, ಇದು ಮನಸ್ಸಿನ ದೌರ್ಬಲ್ಯವಲ್ಲ" ಎಂದರು ವೈದ್ಯರು. "ಮೆದುಳಿಗೆ ಅದರದೇ ಆದ ಬ್ರೇಕು ಇದೆ. ಈ ಮಾತ್ರೆ ಆ ಬ್ರೇಕನ್ನು ಒತ್ತಿ ಹಿಡಿಯುತ್ತದೆ. ವರ್ಷಗಟ್ಟಲೆ ಹೀಗಾದರೆ ಮೆದುಳು ತನ್ನ ಪಾಲಿನ ಒತ್ತಡವನ್ನು ಸಡಿಲಿಸಿಕೊಳ್ಳುತ್ತದೆ. ಮಾತ್ರೆಯನ್ನು ಥಟ್ಟನೆ ತೆಗೆದರೆ ಬಂಡಿ ಇಳಿಜಾರಿನಲ್ಲಿ ಓಡದೆ ಏನು ಮಾಡೀತು? ಫಿಟ್ಸ್ ಬರದಿದ್ದುದು ನಮ್ಮ ಪುಣ್ಯ."

ಈ ಜಾತಿಯ ಔಷಧಗಳಿಗೆ ಬೆಂಜೋಡಯಾಜೆಪೀನ್ ಎಂದು ಹೆಸರು. ಅಮೆರಿಕದಲ್ಲಿ ಲಿಯೋ ಸ್ಟರ್ನ್‌ಬಾಕ್ ಎಂಬ ರಸಾಯನಶಾಸ್ತ್ರಜ್ಞರು ಕಂಡುಹಿಡಿದ ಲಿಬ್ರಿಯಮ್ 1960ರಲ್ಲಿ ಮಾರುಕಟ್ಟೆಗೆ ಬಂತು. 1963ರಲ್ಲಿ ವ್ಯಾಲಿಯಮ್ ಎಂಬ ಹೆಸರಿನಿಂದ ಡಯಾಜೆಪಾಮ್ ಬಂತು. ಅದಕ್ಕೆ ಮೊದಲಿದ್ದ ಬಾರ್ಬಿಟ್ಯುರೇಟುಗಳಿಗಿಂತ ಇವು ಸುರಕ್ಷಿತವೆಂದು ಲೋಕ ಸ್ವಾಗತಿಸಿತು. ಆರಂಭಿಸುವುದು ಎಲ್ಲರಿಗೂ ತಿಳಿದಿತ್ತು. ನಿಲ್ಲಿಸುವ ಕ್ರಮವನ್ನು ಕಲಿಯಲು ದಶಕಗಳೇ ಬೇಕಾದವು. ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ ಹೆದರ್ ಆಷ್ಟನ್ ಎಂಬ ಪ್ರಾಧ್ಯಾಪಕಿ 1982ರಿಂದ 1994ರವರೆಗೆ ಇದಕ್ಕಾಗಿಯೇ ಒಂದು ಚಿಕಿತ್ಸಾಲಯವನ್ನು ನಡೆಸಿದರು. ಅವರು ಕಂಡುಕೊಂಡ ಸತ್ಯ ಬಹು ಸರಳ: ಮಾತ್ರೆಯನ್ನು ಮೆಲ್ಲಗೆ ಇಳಿಸಬೇಕು, ಎಷ್ಟು ಮೆಲ್ಲಗೆ ಎಂಬುದನ್ನು ರೋಗಿಯ ದೇಹವೇ ಹೇಳಬೇಕು.

ಮೇಷ್ಟರಿಗೆ ವೈದ್ಯರು ಮೊದಲು ಹಿಂದಿನ 10 ಮಿಲಿಗ್ರಾಮನ್ನೇ ಮತ್ತೆ ಕೊಟ್ಟರು. ಮೇಷ್ಟರಿಗೆ ಅದು ಸೋಲಿನಂತೆ ಕಂಡಿತು. ದೇಹ ಸ್ಥಿಮಿತಕ್ಕೆ ಬಂದ ಮೇಲೆ ತಿಂಗಳಿಗೆ ಒಂದೊಂದೇ ಮಿಲಿಗ್ರಾಂ ಕಳೆಯುತ್ತ ಬಂದರು. ನಾಲ್ಕಕ್ಕೆ ಇಳಿದಾಗ ನಿದ್ರೆ ಮತ್ತೆ ಕೆಟ್ಟಿತು. ಮೂರು ತಿಂಗಳು ಅಲ್ಲಿಯೇ ನಿಂತರು. ಮೂರು ಮುಟ್ಟಿದ ಮೇಲೆ ವೈದ್ಯರು ಅರ್ಧರ್ಧ ಮಿಲಿಗ್ರಾಂ ಕಳೆಯಲು ಹೇಳಿದರು. ಏಕೆಂದು ಮೇಷ್ಟರು ಕೇಳಲಿಲ್ಲ. ಹತ್ತರಲ್ಲಿ ಒಂದನ್ನು ಕಳೆಯುವುದೂ ಎರಡರಲ್ಲಿ ಒಂದನ್ನು ಕಳೆಯುವುದೂ ಒಂದೇ ಅಲ್ಲವೆಂದು ಮಕ್ಕಳಿಗೆ ಬಾಳೆಲ್ಲ ಕಲಿಸಿದವರು ಅವರೇ ತಾನೆ? ಒಟ್ಟು 14 ತಿಂಗಳಿಗೆ ಮಾತ್ರೆ ನಿಂತಿತು. ಈಗ ಕೆಲವು ರಾತ್ರಿ ನಿದ್ರೆ ಬರುವುದಿಲ್ಲ. ಆಗ ಅವರು ಹೆದರುವುದಿಲ್ಲ. ದೀಪ ಹಚ್ಚಿ ಏನನ್ನಾದರೂ ಓದುತ್ತ ಕೂರುತ್ತಾರೆ.

ಎಲ್ಲರಿಗೂ ಈ ಲೆಕ್ಕವೇ ಹೊಂದುತ್ತದೆಂದಲ್ಲ. 2025ರಲ್ಲಿ ಅಮೆರಿಕದ ಹಲವು ವೈದ್ಯಸಂಘಗಳು ಸೇರಿ ಹೊರತಂದ ಮಾರ್ಗಸೂಚಿ, ಎರಡರಿಂದ ನಾಲ್ಕು ವಾರಗಳಿಗೊಮ್ಮೆ ನೂರಕ್ಕೆ 5ರಿಂದ 10ರಷ್ಟು ಇಳಿಸಿ ನೋಡಬೇಕೆನ್ನುತ್ತದೆ. ಆ ನಿರ್ಧಾರ ವೈದ್ಯರದು. ನೆರೆಮನೆಯವರ ಅನುಭವ ನೋಡಿ ಕೈಗೊಳ್ಳುವಂಥದಲ್ಲ. ಬಿಡಲೇಬಾರದ ಔಷಧಗಳೂ ಉಂಟು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಅಪಸ್ಮಾರಗಳ ಮಾತ್ರೆಯನ್ನು "ಈಗ ಚೆನ್ನಾಗಿದ್ದೇನೆ" ಎಂದು ನಿಲ್ಲಿಸಿದವರು, ಚೆನ್ನಾಗಿರುವುದೇ ಆ ಮಾತ್ರೆಯಿಂದ ಎಂಬುದನ್ನು ಮರೆತಿರುತ್ತಾರೆ.

ಮನೆಯವರ ಪಾಲಿಗೂ ಇಲ್ಲಿ ಒಂದು ಕರ್ತವ್ಯವಿದೆ. ಇಳಿಯುತ್ತಿರುವವರನ್ನು "ಇನ್ನೂ ಬಿಡಲಿಲ್ಲವೇ?" ಎಂದು ಕೇಳಬಾರದು. ಆ ಒಂದು ಪ್ರಶ್ನೆಯೇ ಅನೇಕರನ್ನು ಅವಸರದ ಶಪಥಕ್ಕೆ ದೂಡುತ್ತದೆ. "ಈ ತಿಂಗಳು ಹೇಗಿದೆ?" ಎಂದು ಕೇಳಿದರೆ ಸಾಕು.